ಉಜ್ಜು ಜೋಡಣೆ (ದ್ರವಸ್ಫಟಿಕ ಪರದೆ ತಯಾರಿಕೆಯಲ್ಲಿ): ಇತಿಹಾಸ

ಗಾಜು ಅಥವಾ ಪ್ಲಾಸ್ಟಿಕ್ ಹಾಳೆಗೆ ಬಳಿದ ತೆಳುವಾದ ಪಾಲಿಮರ್ ಪದರವನ್ನು ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜಿದರೆ, ಅದರ ಮೇಲೆ ಬರುವ ದ್ರವಸ್ಫಟಿಕದ ಅಣುಗಳು ಆ ದಿಕ್ಕನ್ನು ಅನುಸರಿಸಿ ಸಾಲುಗೂಡುತ್ತವೆ. ಈ ವಿಧಾನಕ್ಕೆ ಉಜ್ಜು ಜೋಡಣೆ ಎಂದು ಹೆಸರು. ಇದಕ್ಕೆ ನಿರ್ವಾತ ಕೋಣೆ ಬೇಡ, ದುಬಾರಿ ಬೆಳಕಿನ ಸಲಕರಣೆ ಬೇಡ. ಕ್ಯಾಲ್ಕುಲೇಟರ್, ಕೈಗಡಿಯಾರಗಳಿಂದ ಹಿಡಿದು ಟಿ.ವಿ.ವರೆಗೆ ದ್ರವಸ್ಫಟಿಕ, ಅಂದರೆ ಎಲ್‌ಸಿಡಿ ಪರದೆಗಳು ಅಗ್ಗವಾಗಲು ಇದು ಮುಖ್ಯ ಕಾರಣಗಳಲ್ಲೊಂದು. ಆದರೂ ಎಲ್‌ಸಿಡಿಯ ಚರಿತ್ರೆ ಹೇಳುವ ಪುಸ್ತಕಗಳಲ್ಲಿ ಇದಕ್ಕೆ ಸಿಗುವುದು ಒಂದೆರಡು ಸಾಲು ಮಾತ್ರ. ಆ ಸಾಲುಗಳೂ ಒಂದಕ್ಕೊಂದು ಹೊಂದುವುದಿಲ್ಲ.

ದ್ರವಸ್ಫಟಿಕ ಸ್ಥಿತಿಯನ್ನು 1888ರಲ್ಲಿ ಪ್ರಾಗ್‌ನ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಸರ್ ಗುರುತಿಸಿದರು. ಉಜ್ಜುವಿಕೆಯನ್ನು ಮೊದಲು ಬಳಸಿದವರು ಯಾರು ಎಂಬಲ್ಲಿ ಗೊಂದಲ ಶುರುವಾಗುತ್ತದೆ. ಕೆಲವು ಗ್ರಂಥಗಳು ಫ್ರಾನ್ಸಿನ ಶಾರ್ಲ್ ಮೊಗ್ಯಾಂ ಅವರ ಹೆಸರನ್ನೂ 1911ನೇ ಇಸವಿಯನ್ನೂ ಕೊಡುತ್ತವೆ. ಮತ್ತೆ ಕೆಲವು, 1943ರಲ್ಲಿ ಪ್ರಬಂಧ ಪ್ರಕಟಿಸಿದ ಪಿಯೆರ್ ಶಾತ್ಲೆಂ ಅವರನ್ನು ಮೊದಲಿಗರೆನ್ನುತ್ತವೆ. ಇಬ್ಬರ ಕೆಲಸವೂ ಬೇರೆಬೇರೆ. ಎರಡು ಗಾಜುಗಳ ನಡುವಿನ ತೆಳುಪದರದಲ್ಲಿ ಅಣುಗಳ ಸಾಲು ತಿರುಚಿಕೊಂಡರೆ ಬೆಳಕಿನ ಧ್ರುವೀಕರಣವೂ ಅದರ ಜೊತೆಗೇ ತಿರುಗುತ್ತದೆ ಎಂದು ತೋರಿಸಿದ್ದು ಮೊಗ್ಯಾಂ. ಉಜ್ಜುವುದನ್ನೇ ವಿಷಯವಾಗಿ ತೆಗೆದುಕೊಂಡು ಕ್ರಮವಾಗಿ ಅಭ್ಯಾಸ ಮಾಡಿದ್ದು ಶಾತ್ಲೆಂ. ಇಬ್ಬರಲ್ಲಿ ಒಬ್ಬರನ್ನಷ್ಟೇ ಹೆಸರಿಸುವುದು ಸರಿಯಲ್ಲ.

ಪ್ರಯೋಗಾಲಯದ ಈ ಕೈಚಳಕಕ್ಕೆ ಮಾರುಕಟ್ಟೆ ದೊರೆತದ್ದು, ಎರಡು ಗಾಜುಗಳ ನಡುವೆ ಅಣುಗಳ ಸಾಲು ತಿರುಚಿಕೊಂಡಿರುವ ‘ತಿರುಚು ನೆಮ್ಯಾಟಿಕ್’ ಕೋಶದಿಂದ. ಬಾಸೆಲ್‌ನ ಹಾಫ್‌ಮನ್-ಲಾ ರೋಶ್ ಕಂಪನಿಯ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್‌ಫ್ರಿಶ್ 1970ರ ಡಿಸೆಂಬರ್‌ನಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಅಮೆರಿಕದ ಜೇಮ್ಸ್ ಫರ್ಗಸನ್ 1971ರ ಏಪ್ರಿಲ್‌ನಲ್ಲಿ ಅರ್ಜಿ ಸಲ್ಲಿಸಿದರು. ಹಕ್ಕು ಯಾರದೆಂದು ಎರಡೂ ಕಡೆಯವರ ನಡುವೆ ಎದ್ದ ವ್ಯಾಜ್ಯ ಒಪ್ಪಂದದಲ್ಲಿ ಮುಗಿದು, ಫರ್ಗಸನ್ ಅವರ ಪೇಟೆಂಟ್ ರೋಶ್ ಪಾಲಾಯಿತು. ಜೋಡಣೆಯ ದೃಷ್ಟಿಯಿಂದ ಇಲ್ಲಿ ಮುಖ್ಯವಾದದ್ದು ಒಂದೇ ಅಂಶ: ಮೇಲಿನ ಗಾಜನ್ನು ಒಂದು ದಿಕ್ಕಿಗೆ, ಕೆಳಗಿನದನ್ನು ಅದಕ್ಕೆ 90 ಡಿಗ್ರಿ ಅಡ್ಡಕ್ಕೆ ಉಜ್ಜಿರಬೇಕು. ದಿಕ್ಕು ಕೆಟ್ಟರೆ ಪರದೆಯೇ ಕೆಟ್ಟಂತೆ.

ಕಾರ್ಖಾನೆಯಲ್ಲಿ ಗಾಜಿಗೆ ಸುಮಾರು 100 ನ್ಯಾನೊಮೀಟರ್ ದಪ್ಪದ ಪಾಲಿಇಮೈಡ್ ಎಂಬ ಪಾಲಿಮರ್ ಪದರ ಬಳಿದು, ಒಲೆಯಲ್ಲಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಬಳಿಕ ಗಾಜು ಮೇಜಿನ ಮೇಲೆ ನಿಧಾನವಾಗಿ ಮುಂದೆ ಸರಿಯುತ್ತದೆ. ಅದರ ಮೇಲೆ ರೇಯಾನ್ ಅಥವಾ ಹತ್ತಿಯ ಮಖಮಲ್ಲು ಸುತ್ತಿದ ಉರುಳೆ ವೇಗವಾಗಿ ತಿರುಗುತ್ತಿರುತ್ತದೆ. ಬಟ್ಟೆಯ ಒಂದೆರಡು ಮಿಲಿಮೀಟರ್ ಉದ್ದದ ಎಳೆಗಳ ತುದಿ ಮಾತ್ರ ಪದರಕ್ಕೆ ತಾಗುವಂತೆ ಎತ್ತರವನ್ನು ಹೊಂದಿಸಿರುತ್ತಾರೆ. ಒತ್ತಡ ಕಡಿಮೆಯಾದರೆ ಅಣುಗಳು ಸಾಲುಗೂಡುವುದಿಲ್ಲ. ಹೆಚ್ಚಾದರೆ ಪರದೆಯ ಮೇಲೆ ಗೀರು ಕಾಣುತ್ತದೆ. ಅಣುಗಳು ಮೇಲ್ಮೈಯಿಂದ ಕೆಲವು ಡಿಗ್ರಿ ತಲೆಯೆತ್ತಿ ನಿಲ್ಲುವುದೂ ಇದೇ ಉಜ್ಜುವಿಕೆಯಿಂದ. ಆ ಓರೆ ಇಲ್ಲದಿದ್ದರೆ ವೋಲ್ಟೇಜ್ ಕೊಟ್ಟಾಗ ಅಣುಗಳು ಕೆಲವೆಡೆ ಒಂದು ಕಡೆಗೆ, ಕೆಲವೆಡೆ ಇನ್ನೊಂದು ಕಡೆಗೆ ಏಳುತ್ತವೆ, ಪರದೆ ತೇಪೆತೇಪೆಯಾಗುತ್ತದೆ.

ಇಷ್ಟೆಲ್ಲ ನಡೆದರೂ ಉಜ್ಜಿದರೆ ಅಣುಗಳೇಕೆ ಸಾಲುಗೂಡುತ್ತವೆ ಎಂಬುದು ಬಹುಕಾಲ ಬಗೆಹರಿಯಲಿಲ್ಲ. ಬೆಲ್ ಪ್ರಯೋಗಾಲಯದ ಡ್ವೈಟ್ ಬೆರ್ರಿಮನ್ 1972ರಲ್ಲಿ ಕೊಟ್ಟ ವಿವರಣೆ ಸರಳವಾಗಿತ್ತು. ಬಟ್ಟೆ ಸೂಕ್ಷ್ಮ ಗೀರುಗಳನ್ನು ಮೂಡಿಸುತ್ತದೆ. ಗೀರಿಗೆ ಅಡ್ಡ ಮಲಗಿದರೆ ದ್ರವಸ್ಫಟಿಕ ಬಾಗಬೇಕು, ಅದಕ್ಕೆ ಶಕ್ತಿ ಬೇಕು. ಆದ್ದರಿಂದ ಅಣುಗಳು ಗೀರಿನುದ್ದಕ್ಕೆ ಮಲಗುತ್ತವೆ. ಅನೇಕ ಪಠ್ಯಗಳು ಇಂದಿಗೂ ಇಲ್ಲಿಗೇ ನಿಲ್ಲುತ್ತವೆ, ಇದು ಕೊರತೆಯೇ ಸರಿ. ಅದೇ ಬೆಲ್ ಪ್ರಯೋಗಾಲಯದ ಗಿಯರಿ ಮತ್ತು ಸಂಗಡಿಗರು 1987ರಲ್ಲಿ, ಕೆಲಸ ಮಾಡುವುದು ಗೀರಲ್ಲ, ಉಜ್ಜಿದಾಗ ಹಿಗ್ಗಿ ಸಾಲುಗೊಳ್ಳುವ ಪಾಲಿಮರ್ ಸರಪಳಿಗಳು ಎಂದು ವಾದಿಸಿದರು. ಪಾಲಿಸ್ಟೈರೀನ್ ಈ ವಾದಕ್ಕೆ ಬಲ ಕೊಟ್ಟಿತು. ಅದನ್ನು ಉಜ್ಜಿದರೆ ಅಣುಗಳು ಉಜ್ಜಿದ ದಿಕ್ಕಿಗೆ ಅಡ್ಡಲಾಗಿ ಮಲಗುತ್ತವೆ. ಗೀರೇ ಕಾರಣವಾಗಿದ್ದರೆ ಹೀಗಾಗಬಾರದಿತ್ತು. ಪಾಲಿಸ್ಟೈರೀನ್ ಸರಪಳಿಗೆ ಅಡ್ಡಲಾಗಿ ಚಾಚಿರುವ ಬೆಂಜೀನ್ ಉಂಗುರಗಳು ಇಲ್ಲಿ ದಾರಿ ತೋರುತ್ತವೆ. 1995ರಲ್ಲಿ ಟೋನಿ ಮತ್ತು ಸಹೋದ್ಯೋಗಿಗಳು ಕ್ಷ-ಕಿರಣವನ್ನು ಮೇಲ್ಮೈಗೆ ಸವರುವ ಕೋನದಲ್ಲಿ ಹಾಯಿಸಿ, ಉಜ್ಜಿದ ಪಾಲಿಇಮೈಡ್‌ನ ಮೇಲ್ಪದರದ ಸರಪಳಿಗಳು ಬಾಚಿದ ಕೂದಲಿನಂತೆ ಸಾಲಾಗಿರುವುದನ್ನು ತೋರಿಸಿದರು. ವಿಧಾನ ಕಾರ್ಖಾನೆ ಸೇರಿ ಎರಡು ದಶಕ ದಾಟಿದ ಮೇಲೆ ಸಿಕ್ಕಿದ ಪುರಾವೆ ಇದು.

ಈ ಕಥೆಗೆ ಬೆಂಗಳೂರಿನ ನಂಟೂ ಇದೆ, ಅದು ಇನ್ನೊಂದು ದಿಕ್ಕಿನಿಂದ ಬರುತ್ತದೆ. ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ 1977ರಲ್ಲಿ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಅಣು ಕಡ್ಡಿಯಂತಿರಬೇಕು ಎಂಬುದೇ ತಿಳಿವಳಿಕೆಯಾಗಿತ್ತು. ಇಂಥ ಬಿಲ್ಲೆ ಅಣುಗಳನ್ನು 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಪರದೆಗೆ ಅಂಟಿಸುವ ಹಾಳೆಯಲ್ಲಿ ಬಳಸಿತು. ಉದ್ದನೆಯ ಪ್ಲಾಸ್ಟಿಕ್ ಹಾಳೆಯ ಜೋಡಣಾ ಪದರವನ್ನು ಉಜ್ಜಿ, ಅದರ ಮೇಲೆ ಬಿಲ್ಲೆ ಅಣುಗಳನ್ನು ಬಳಿದು, ಅವು ಓರೆಯಾಗಿ ನಿಂತ ಭಂಗಿಯಲ್ಲೇ ಗಟ್ಟಿಯಾಗಿಸಲಾಯಿತು. ಪಕ್ಕದಿಂದ ನೋಡಿದರೆ ಚಿತ್ರ ಮಸುಕಾಗುತ್ತಿದ್ದ ತೊಂದರೆ ಇದರಿಂದ ಬಹಳಷ್ಟು ತಗ್ಗಿತು. ಉಜ್ಜುವ ಉರುಳೆ ಗಾಜಿನಿಂದ ಸುರುಳಿ ಹಾಳೆಗೆ ದಾಟಿದ ಈ ಘಟ್ಟವನ್ನು ತಿರುವು ಎಂದೇ ಗಣಿಸಬೇಕು.

ಉಜ್ಜುವಿಕೆಗೆ ದೋಷಗಳೂ ಇವೆ. ಬಟ್ಟೆಯಿಂದ ಧೂಳು ಉದುರುತ್ತದೆ. ಹುಟ್ಟುವ ಸ್ಥಾಯಿ ವಿದ್ಯುತ್ತು ಗಾಜಿನ ಮೇಲಿನ ಟ್ರಾನ್ಸಿಸ್ಟರ್‌ಗಳನ್ನು ಸುಡಬಲ್ಲದು. ಇದಕ್ಕೆ ಬದಲಿಯಾಗಿ ಸಿಲಿಕಾನ್ ಮೊನಾಕ್ಸೈಡನ್ನು ನಿರ್ವಾತದಲ್ಲಿ ಓರೆಯಾಗಿ ಎರಚುವ ವಿಧಾನವನ್ನು ಜಾನ್ ಜ್ಯಾನಿಂಗ್ 1972ರಲ್ಲೇ ತೋರಿಸಿದ್ದರು, ಅದು ದುಬಾರಿ. ಧ್ರುವೀಕೃತ ಬೆಳಕಿನಿಂದಲೇ ಅಣುಗಳ ದಿಕ್ಕು ನಿರ್ಧರಿಸಬಹುದೆಂದು ಗಿಬನ್ಸ್ ಮತ್ತು ಸಂಗಡಿಗರು 1991ರಲ್ಲಿ ‘ನೇಚರ್’ನಲ್ಲಿ ಬರೆದರು. 2009ರಲ್ಲಿ ಶಾರ್ಪ್ ಕಂಪನಿ ಟಿ.ವಿ. ಪರದೆಗಳಿಗೆ ಬೆಳಕಿನ ಜೋಡಣೆಯನ್ನು ದೊಡ್ಡ ಪ್ರಮಾಣದಲ್ಲಿ ಅಳವಡಿಸುವುದಾಗಿ ಪ್ರಕಟಿಸಿತು. ಸರಳ ಅಂಕಿ ತೋರಿಸುವ ಅಗ್ಗದ ಎಲ್‌ಸಿಡಿಗಳಲ್ಲಿ ಉಜ್ಜಿದ ಪಾಲಿಇಮೈಡ್ ಈಗಲೂ ಬಳಕೆಯಲ್ಲಿದೆ.