ಸಾಂಬ್ರಾದಿಂದ ಗೋಕುಲ ರಸ್ತೆಗೆ ಎಷ್ಟು ಹರದಾರಿ?

ಮೂರು ಮೈಲಿಗೆ ಒಂದು ಹರದಾರಿ ಎಂಬುದು ನಮ್ಮ ಹಿರಿಯರ ಲೆಕ್ಕ. ದಿನಕ್ಕೆ ಐದಾರು ಹರದಾರಿ ನಡೆದರೆ ಎತ್ತುಗಳು ದಣಿಯುತ್ತಿದ್ದವು. ಆ ಲೆಕ್ಕದಲ್ಲಿ ಬೆಳಗಾವಿಯ ಸಾಂಬ್ರಾದಿಂದ ಹುಬ್ಬಳ್ಳಿಯ ಗೋಕುಲ ರಸ್ತೆಗೆ ನಾಲ್ಕು ದಿನದ ದಾರಿ. ಇಂದು ಈ ಎರಡೂ ಕಡೆ ವಿಮಾನ ನಿಲ್ದಾಣಗಳಿವೆ. ನೇರ ಗೆರೆ ಎಳೆದರೆ ನಡುವಿನ ಅಂತರ ಸುಮಾರು 75 ಕಿ.ಮೀ., ರಸ್ತೆಯಲ್ಲಿ ನೂರರ ಆಸುಪಾಸು. ಕಾರಿಗೆ ಎರಡು ಗಂಟೆ ಸಾಕು. ಹಾರಿದರೆ ಕಾಲು ಗಂಟೆ, ಆದರೆ ಹಾರುವ ಮುನ್ನ ನಿಲ್ದಾಣದಲ್ಲಿ ಒಂದು ಗಂಟೆಗೂ ಹೆಚ್ಚು ಕಾಯಬೇಕು!

ಇಷ್ಟು ಹತ್ತಿರ ಎರಡು ನಿಲ್ದಾಣಗಳು ಬಂದದ್ದು ಯಾರೋ ಕುಳಿತು ಯೋಜಿಸಿದ್ದರಿಂದಲ್ಲ. ಸಾಂಬ್ರಾ ಯುದ್ಧದ ಕೂಸು. ಎರಡನೆಯ ಮಹಾಯುದ್ಧ ಬರ್ಮಾದವರೆಗೆ ಬಂದಾಗ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಅದನ್ನು ಕಟ್ಟಿತು. ಭಾರತೀಯ ವಾಯುಪಡೆಯ ತರಬೇತಿ ಶಾಲೆ ಈಗಲೂ ಅಲ್ಲಿದೆ. ಹುಬ್ಬಳ್ಳಿಯದು 1974ರಲ್ಲಿ ನಮ್ಮ ರಾಜ್ಯದ ಲೋಕೋಪಯೋಗಿ ಇಲಾಖೆ ಕಟ್ಟಿದ್ದು. ಹೊಸ ಟರ್ಮಿನಲ್‌ಗಳು ಮಾತ್ರ ಎರಡಕ್ಕೂ ಒಂದೇ ವರ್ಷ, 2017ರಲ್ಲಿ, ಸಿಕ್ಕವು.

ಅಲ್ಲಿಂದ ಮುಂದೆ ಜಗಳ. ಕೇಂದ್ರದ ಉಡಾನ್ ಯೋಜನೆಯ ಎರಡನೆಯ ಸುತ್ತಿನಲ್ಲಿ ಹುಬ್ಬಳ್ಳಿಗೆ ಸ್ಥಾನ ಸಿಕ್ಕಿತು, ಬೆಳಗಾವಿಗೆ ಸಿಗಲಿಲ್ಲ. 2018ರಲ್ಲಿ ಬೆಳಗಾವಿಯಿಂದ ಹಾರುತ್ತಿದ್ದ ವಿಮಾನಗಳು ಹುಬ್ಬಳ್ಳಿಯತ್ತ ಹೊರಳಿದವು. ಬೆಳಗಾವಿಯ ಜನ ಬೀದಿಗಿಳಿದರು. 2019ರ ಮೂರನೆಯ ಸುತ್ತಿನಲ್ಲಿ ಆ ಊರಿಗೂ ಪಾಲು ಬಂತು. ಅಣ್ಣತಮ್ಮಂದಿರ ನಡುವೆ ಒಂದೇ ಹೋಳಿಗೆ ಇಟ್ಟವರ ಮೇಲೆ ಯಾರಿಗೂ ಸಿಟ್ಟು ಬರಲಿಲ್ಲ ಎಂಬುದೇ ನಮಗೆ ಸೋಜಿಗ.

ಈಗ ರೋಣ ತಾಲ್ಲೂಕಿನ ಅಸೂಟಿಯಲ್ಲಿ ನಿಂತು ನೋಡೋಣ. ಆ ಜಗಳ ಇಲ್ಲಿಗೆ ಕೇಳಿಸುವುದೇ ಇಲ್ಲ. ಹತ್ತಿರದ್ದು ಹುಬ್ಬಳ್ಳಿಯೇ. ಆದರೂ ರೋಣದಿಂದ ಗದಗಿನ ಮೇಲೆ ಹೋದರೆ ಅದು ನೂರು ಕಿ.ಮೀ. ದಾರಿ. ಅಂದರೆ ಎರಡು ನಿಲ್ದಾಣಗಳ ನಡುವೆ ಎಷ್ಟು ದೂರವೋ, ಎರೆಭೂಮಿಯ ಈ ರೈತನಿಗೆ ಒಂದನ್ನು ಮುಟ್ಟಲೂ ಅಷ್ಟೇ ದೂರ. ಬೆಳಗಿನ ವಿಮಾನವಾದರೆ ನಡುರಾತ್ರಿ ಎದ್ದು ಹೊರಡಬೇಕು, ಆ ಹೊತ್ತಿಗೆ ಬಸ್ಸು ಎಲ್ಲಿಂದ ಬರಬೇಕು?

ರೈಲು ಈ ತಾಲ್ಲೂಕಿಗೆ ಬೇಗನೆ ಬಂದಿತ್ತು. 1884ರ ಗದಗ–ಹೋಟಗಿ ಮಾರ್ಗ ಹೊಳೆಆಲೂರನ್ನು ಹಾದು ಹೋಯಿತು, ಸೊಲ್ಲಾಪುರದ ಪೇಟೆ ಒಮ್ಮೆಲೇ ಹತ್ತಿರವಾಯಿತು. ಹುಬ್ಬಳ್ಳಿ–ಬೆಳಗಾವಿ ರೈಲಿಗೆ ಆ ಅದೃಷ್ಟವಿರಲಿಲ್ಲ. ಅದು ಧಾರವಾಡ ದಾಟಿ ಲೋಂಡಾದ ಕಾಡು ಸುತ್ತಿಕೊಂಡೇ ಬೆಳಗಾವಿ ಸೇರುತ್ತದೆ, ಧಾರವಾಡದಿಂದಲೇ 121 ಕಿ.ಮೀ. ಕಿತ್ತೂರಿನ ಮೇಲೆ 73 ಕಿ.ಮೀ. ನೇರ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಎರಡು ಊರುಗಳನ್ನು ನಿಜವಾಗಿ ಹತ್ತಿರ ತರುವುದು ಇದು. ಆದರೆ ರೈಲುಹಳಿಗಾಗಿ ಬೀದಿಗಿಳಿಯುವವರು ಕಡಿಮೆ.

ವಿಮಾನ ಉಳ್ಳವರ ಸೊತ್ತು, ಹಳ್ಳಿಯವನಿಗೇಕೆ ಎನ್ನುವವರಿದ್ದಾರೆ. ಹಜ್ ಯಾತ್ರಿಕರ ಮಟ್ಟಿಗೆ ಆ ಮಾತು 1995ಕ್ಕೇ ಸುಳ್ಳಾಯಿತು. ಮುಂಬೈಯಿಂದ ಜಿದ್ದಾಕ್ಕೆ ಹೋಗುತ್ತಿದ್ದ ಹಡಗು ಅಂದು ನಿಂತಿತು. ಅಂದಿನಿಂದ ಹೊಲ ಉಳುವವನೂ ಆಕಾಶದ ದಾರಿಯನ್ನೇ ಹಿಡಿಯಬೇಕಾಯಿತು. ಕೊಲ್ಲಿಗೆ ದುಡಿಯಲು ಹೋಗುವ ಹುಡುಗರ ಕಥೆಯೂ ಅದೇ. ಹುಬ್ಬಳ್ಳಿ, ಬೆಳಗಾವಿ ಎರಡೂ ದೇಶದೊಳಗಿನ ಹಾರಾಟದ ನಿಲ್ದಾಣಗಳು. ಅಸೂಟಿಯ ಕಡೆಯವರು ಗಂಟುಮೂಟೆ ಕಟ್ಟಿಕೊಂಡು ಅವೆರಡನ್ನೂ ಬಿಟ್ಟು ಬೆಂಗಳೂರು, ಗೋವಾ ಇಲ್ಲವೇ ಮುಂಬೈಯ ದಾರಿ ಹಿಡಿಯುತ್ತಾರೆ.