ನೂರು ಮಿಲಿಲೀಟರ್ ನೀರು, ಒಂದು ಹನಿ ಜಾಗ

1898ರ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೆ ಕಾಲಿಟ್ಟಾಗ ರೋಗದ ಗುರುತೆಂದರೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಎದ್ದ ಗಡ್ಡೆ. ಯೆರ್ಸಿನ್ ಹಾಂಗ್‌ಕಾಂಗ್‌ನಲ್ಲಿ ಪ್ಲೇಗಿನ ಬ್ಯಾಕ್ಟೀರಿಯಾವನ್ನು ಕಂಡುಹಿಡಿದು ಆಗ ನಾಲ್ಕೇ ವರ್ಷ. ಗಡ್ಡೆ ಏಳುವಷ್ಟರಲ್ಲಿ ರೋಗ ಮನೆ ಹೊಕ್ಕಾಗಿರುತ್ತಿತ್ತು. ಕಾಣದ ಶತ್ರುವಿಗೆ ಊರು ಕೊಟ್ಟ ಉತ್ತರ ಅಗಲ ರಸ್ತೆ, ಗಾಳಿ ಬೆಳಕಿನ ಮನೆ. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಹಾಗೆ. ಹೆಸರಘಟ್ಟದ ನೀರನ್ನು ಸೋಸಿ ಹಂಚಲು ಮಲ್ಲೇಶ್ವರದಲ್ಲಿ ಜುವೆಲ್ ಫಿಲ್ಟರ್‌ಗಳೂ ಬಂದವು.

ಸೂಕ್ಷ್ಮಾಣುವನ್ನು ಹಿಡಿದು ತೋರಿಸುವ ಕೆಲಸ ಮಾತ್ರ ಇಂದಿಗೂ ನಿಧಾನವೇ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ವಿದ್ಯಾರ್ಥಿನಿಯರು ವಾಂತಿಭೇದಿಯಿಂದ ಪಕ್ಕದ ವಿಕ್ಟೋರಿಯಾ ಆಸ್ಪತ್ರೆ ಸೇರಿದಾಗ ಕಾಲರಾ ಶಂಕೆ ಎದ್ದಿತು. ಇಂಥ ಶಂಕೆ ಖಚಿತವಾಗಬೇಕಾದರೆ ಮಾದರಿಯನ್ನು ತಟ್ಟೆಯಲ್ಲಿ ಬೆಳೆಸಿ, ಹಳದಿ ಚುಕ್ಕೆಗಳು ಮೂಡುವವರೆಗೆ ಒಂದೆರಡು ದಿನ ಕಾಯಬೇಕು. ಅಷ್ಟರಲ್ಲಿ ರೋಗ ತಂದಿರಬಹುದಾದ ನಲ್ಲಿಯ ನೀರು ಎಷ್ಟೋ ಜನರ ಹೊಟ್ಟೆ ಸೇರಿರುತ್ತದೆ.

ಈ ಕಾಯುವಿಕೆಯನ್ನು ತಗ್ಗಿಸುವ ದಾರಿ ಸಕ್ಕರೆ ಕಾಯಿಲೆಯ ಕಡೆಯಿಂದ ಬಂತು. 1962ರಲ್ಲಿ ಅಮೆರಿಕದ ಲೀಲೆಂಡ್ ಕ್ಲಾರ್ಕ್ ಎಲೆಕ್ಟ್ರೋಡಿನ ಮೇಲೆ ಕಿಣ್ವವನ್ನು ಕೂರಿಸಿ ಗ್ಲೂಕೋಸ್ ಅಳೆಯುವ ವಿಧಾನ ತೋರಿಸಿದರು. 1987ರ ವೇಳೆಗೆ ಪೆನ್ನಿನಷ್ಟು ಚಿಕ್ಕ ಗ್ಲೂಕೋಮೀಟರ್ ಮಾರುಕಟ್ಟೆಗೆ ಬಂತು. ರಕ್ತದಲ್ಲಿ ಗ್ಲೂಕೋಸ್ ಧಾರಾಳವಾಗಿರುತ್ತದೆ, ಒಂದು ಹನಿ ಸಾಕು. ರೋಗಾಣು ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ.

ಈ ತೊಡಕಿಗೆ ಭಾರತದಲ್ಲಿ ಮೊದಲ ಒಳ್ಳೆಯ ಉತ್ತರ ವಿದ್ಯುತ್ತಿನದಾಗಿರಲಿಲ್ಲ. ಕೆ.ಎಸ್. ಮಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮಲದಿಂದ ಕೆಟ್ಟ ನೀರು ಬಾಟಲಿಯೊಳಗಿನ ಕಾಗದವನ್ನು ಕಪ್ಪಾಗಿಸುತ್ತದೆ. ಪ್ರಯೋಗಾಲಯವೇ ಇಲ್ಲದ ಹಳ್ಳಿಗೂ ಒದಗುವ ಉಪಾಯ. ಇಂದಿನ ದುಬಾರಿ ಸೆನ್ಸರುಗಳನ್ನು ಅದರ ಪಕ್ಕದಲ್ಲಿಟ್ಟೇ ತೂಗಬೇಕು.

ಮಲ್ಲೇಶ್ವರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನವಕಾಂತ ಭಟ್ ಮತ್ತು ವಿನಯ್ ಕುಮಾರ್ ಕಟ್ಟಿದ ಪಾಥ್‌ಶೋಧ್ ಕಂಪನಿ ಅಂಗೈಯಲ್ಲಿ ಹಿಡಿಯುವ ಎಲೆಕ್ಟ್ರೋಕೆಮಿಕಲ್ ಸಾಧನ ತಯಾರಿಸಿತು. ಮೊದಲು ಮಧುಮೇಹ, ಮೂತ್ರಪಿಂಡದ ಪರೀಕ್ಷೆಗಳು; 2021ರಲ್ಲಿ ಅದೇ ತಂತ್ರದಿಂದ ಕೋವಿಡ್ ಪ್ರತಿಕಾಯ ಅಳೆಯುವ ಪರೀಕ್ಷೆ. ಬೆರಳ ತುದಿಯ ರಕ್ತ, ಒಂದು ಸ್ಟ್ರಿಪ್, ಫಲಿತಾಂಶ ಅಂಕಿಯಲ್ಲಿ. ದೊಡ್ಡ ಹೆಜ್ಜೆಯೇ. ಆದರೆ ಅದು ಅಳೆಯುತ್ತಿದ್ದದ್ದು ವೈರಸ್ಸನ್ನಲ್ಲ, ವೈರಸ್ಸಿಗೆ ದೇಹ ಕೊಟ್ಟ ಉತ್ತರವನ್ನು.

ನೀರಿನಲ್ಲಿರುವ ರೋಗಾಣುವನ್ನೇ ಹಿಡಿಯಲು ಹೊರಟರೆ ನಿಜವಾದ ತೊಡಕು ಎದುರಾಗುತ್ತದೆ. ನೀರಿಗೆ ಮಲ ಸೇರಿದ್ದರ ಗುರುತಾದ ಇ. ಕೋಲಿ ಬ್ಯಾಕ್ಟೀರಿಯಾ ತನ್ನ ಕಿಣ್ವದಿಂದ ಒಂದು ರಾಸಾಯನಿಕವನ್ನು ಸೀಳುತ್ತದೆ. ಸೀಳಿದಾಗ ಬರುವ ಅಮಿನೋಫಿನಾಲ್ ಎಲೆಕ್ಟ್ರೋಡಿಗೆ ಎಲೆಕ್ಟ್ರಾನ್ ಕೊಡುತ್ತದೆ, ಮೀಟರಿನಲ್ಲಿ ಕರೆಂಟು ಕಾಣಿಸುತ್ತದೆ. ತತ್ವ ಸೊಗಸಾಗಿದೆ. ಆದರೆ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 100 ಮಿಲಿಲೀಟರ್‌ನಲ್ಲಿ ಒಂದೇ ಒಂದು ಇ. ಕೋಲಿಯೂ ಸಿಗಕೂಡದು. ಸ್ಟ್ರಿಪ್ ಹೀರುವುದೋ ಒಂದು ಹನಿ. ಅಷ್ಟೂ ನೀರಿನಲ್ಲಿರುವ ಆ ಒಂದು ಜೀವಕೋಶ ಸರಿಯಾಗಿ ಆ ಹನಿಯಲ್ಲೇ ಇರಬೇಕೆಂದರೆ ಹೇಗೆ? ಸಂಶೋಧನಾ ಪ್ರಬಂಧಗಳು ಎಲೆಕ್ಟ್ರೋಡಿನ ಸೂಕ್ಷ್ಮತೆಯನ್ನು ಎಷ್ಟು ಮೆರೆಸಿದರೂ ಈ ಪ್ರಶ್ನೆ ಉಳಿದೇ ಇರುತ್ತದೆ.

ಇನ್ನು ಕ್ಲೋರಿನ್. ನಲ್ಲಿ ನೀರಿನಲ್ಲಿ ಉಳಿದ ಕ್ಲೋರಿನ್ ಎಲೆಕ್ಟ್ರೋಡಿನ ಮೇಲೆ ತಾನೇ ಕರೆಂಟು ಹುಟ್ಟಿಸಬಲ್ಲದು, ಬ್ಯಾಕ್ಟೀರಿಯಾವನ್ನು ಕುಗ್ಗಿಸಲೂಬಲ್ಲದು. ಅದಕ್ಕೇ ಮಾದರಿ ಹಿಡಿಯುವ ಬಾಟಲಿಗೆ ಮೊದಲೇ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ಶುದ್ಧ ದ್ರಾವಣದಲ್ಲಿ ಚೆನ್ನಾಗಿ ನಡೆದ ಸೆನ್ಸರು ಚಾಮರಾಜಪೇಟೆಯ ಸಂಪಿನ ನೀರಿನಲ್ಲಿ ಹೇಗೆ ನಡೆದೀತೆಂದು ಅಲ್ಲಿಯ ನೀರಿನಲ್ಲೇ ನೋಡಬೇಕು.

ಹಾಗಾಗಿ ಈಗ ದುಡ್ಡೂ ಬುದ್ಧಿಯೂ ಹರಿಯಬೇಕಾದದ್ದು ಎಲೆಕ್ಟ್ರೋಡಿಗಿಂತ ಮುಂಚಿನ ಹಂತಕ್ಕೆ: ನೀರನ್ನು ಸೋಸಿ, ಕಾಂತೀಯ ಮಣಿಗಳಿಂದ ಬ್ಯಾಕ್ಟೀರಿಯಾವನ್ನು ಒಟ್ಟುಮಾಡಿ, ಕೆಲವು ಗಂಟೆ ಬೆಳೆಸಿ, ಆಮೇಲೆ ಹನಿ ಹಾಕುವುದಕ್ಕೆ. ಆಗ ಪರೀಕ್ಷೆ ನಿಮಿಷಗಳದ್ದಾಗಿ ಉಳಿಯದು, ಒಂದು ಹಗಲಿನದಾಗುತ್ತದೆ. ಬೆಳಿಗ್ಗೆ ಹಿಡಿದ ನೀರಿನ ಫಲಿತಾಂಶ ಸಂಜೆಗೆ ಕೈಸೇರಿದರೂ ಸಾಕು, ಮರುದಿನ ಬೆಳಿಗ್ಗೆ ಆ ಬೀದಿಗೆ ನೀರು ಬಿಡುವ ಮುನ್ನ ವಾಲ್ವ್ ಮುಚ್ಚಲು ಸಮಯ ಸಿಗುತ್ತದೆ.