ಅರಗಿನ ತಟ್ಟೆಯಲ್ಲಿ ಉಳಿದ ನಾದ

ಕಲ್ಲುಕುಟಿಗನು ಗತಿಸಿದರೂ ಅವನು ಕಟ್ಟಿದ ಕೋಟೆಯು ನಿಲ್ಲುವುದು; ಕುಂದುರ್ಪಿಯ ಬೆಟ್ಟವೇ ಇದಕ್ಕೆ ಸಾಕ್ಷಿ. ಆದರೆ ವಾದಕನು ಗತಿಸಿದ ಮೇಲೆ ಅವನ ನುಡಿಸಾಣಿಕೆಯು ಎಲ್ಲಿ ನಿಲ್ಲಬೇಕು? ಮೈಸೂರಿನ ಅರಸರೊಬ್ಬರು ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ರಷ್ಯದ ಸಂಗೀತ ರಚನಕಾರನಾದ ನಿಕೊಲಾಯ್ ಮೆಟ್ನರನು 1880ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದನು. 1921ರಲ್ಲಿ ತಾಯ್ನಾಡನ್ನು ತೊರೆದು, 1935ರಲ್ಲಿ ಇಂಗ್ಲೆಂಡಿನಲ್ಲಿ ನೆಲಸಿದನು. ಕಾಲದ ರುಚಿಯು ಬೇರೆ ದಾರಿ ಹಿಡಿದಿತ್ತು. ಮಹಾಯುದ್ಧವು ಅವನ ಆದಾಯವನ್ನು ಕಸಿಯಿತು. ಹೃದ್ರೋಗವು ದೇಹವನ್ನು ಕುಗ್ಗಿಸಿತು. ಆಗ ಕೈಹಿಡಿದವರು ಶ್ರೀ ಜಯಚಾಮರಾಜೇಂದ್ರ ಒಡೆಯರು. ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಈ ಅರಸರಿಗೆ ಪಾಶ್ಚಾತ್ಯ ಸಂಗೀತದಲ್ಲಿಯೂ ಗಾಢವಾದ ಪರಿಶ್ರಮವಿತ್ತು. ಅವರ ಧನಸಹಾಯದಿಂದ ಮೆಟ್ನರ್ ಸಂಘವು ಹುಟ್ಟಿತು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯು ಅವನ ನುಡಿಸಾಣಿಕೆಯನ್ನು ಮುದ್ರಿಸಿತು.

1947ರಲ್ಲಿ ಮುದ್ರಿತವಾದ ಮೂರನೆಯ ಪಿಯಾನೋ ಕನ್ಚರ್ಟೊ ಇವುಗಳಲ್ಲಿ ಗಮನಾರ್ಹವಾದುದು. ಅದು ಒಡೆಯರಿಗೇ ಅರ್ಪಿತವಾದ ಕೃತಿ. ಡೊಬ್ರೊವೆನ್ನನ ನಿರ್ದೇಶನದಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ಅರವತ್ತೇಳರ ಮೆಟ್ನರನೇ ಪಿಯಾನೋ ನುಡಿಸಿದನು. ಒಂದೇ ವೇಳೆಯಲ್ಲಿ ಹಲವು ಸ್ವರಗಳು ಕೂಡಿ ನುಡಿಯುವುದು ಆ ಪದ್ಧತಿ. ರಾಗಾಲಾಪನೆಗೆ ಒಗ್ಗಿದ ನಮ್ಮ ಕಿವಿಗೆ ಮೊದಲು ಅದು ಗೊಂದಲವೆನಿಸಬಹುದು. ಆದರೆ ಪಿಯಾನೋದ ಎಳೆಯೊಂದನ್ನೇ ಹಿಡಿದು ಹಿಂಬಾಲಿಸಿರಿ. ಪಲ್ಲವಿಯಲ್ಲಿ ಸಂಗತಿಗಳು ಬೆಳೆಯುವಂತೆ, ಕಿರಿದಾದ ಸ್ವರಗುಚ್ಛವೊಂದು ರೂಪಾಂತರ ಹೊಂದಿ ಮರಳುವುದನ್ನು ಕಾಣುವಿರಿ. ರೋಗಿಯ ಬಳಲಿಕೆಯು ಅಲ್ಲಿ ಕೇಳಿಸದು.

1949ರಲ್ಲಿ ಈಯೋಲಿಯನ್ ತಂಡದ ನಾಲ್ವರು ತಂತಿವಾದಕರೊಡನೆ ಅವನು ತನ್ನ ಪಂಚವಾದ್ಯ ಕೃತಿಯನ್ನು ನುಡಿಸಿದನು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅವನ ಮನಸ್ಸಿನಲ್ಲಿ ಮಾಗಿದ ರಚನೆಯದು. ಅಲ್ಲಿ ವೃಂದದ ಘೋಷವಿಲ್ಲ. ಐವರು ಸ್ನೇಹಿತರ ಆಪ್ತ ಸಂಭಾಷಣೆಯಿದೆ.

ಅಂದಿನ ತಟ್ಟೆಯ ಒಂದೊಂದು ಮುಖದಲ್ಲಿ ನಾಲ್ಕೈದು ನಿಮಿಷಗಳಷ್ಟೇ ಹಿಡಿಯುತ್ತಿದ್ದುವು. ದೀರ್ಘ ಕೃತಿಯನ್ನು ತುಂಡರಿಸಿ ಹಲವು ತಟ್ಟೆಗಳಿಗೆ ಹಂಚಬೇಕಾಗಿತ್ತು. ಆ ತಟ್ಟೆಗಳ ಮುಖ್ಯ ಬಂಧಕ ದ್ರವ್ಯವು ಅರಗು. ಜಗತ್ತಿನ ಅರಗಿನ ಬಹುಭಾಗವು ಭಾರತದ ಕಾಡುಗಳಿಂದಲೇ ಹೋಗುತ್ತಿತ್ತು. ಹೀಗೆ ನಮ್ಮ ನಾಡಿನ ಅರಗೂ ಮೈಸೂರಿನ ಹಣವೂ ಕೂಡಿ ಪರದೇಶಿಯೊಬ್ಬನ ಬೆರಳುಗಳನ್ನು ಕಾಲದ ಕೈಯಿಂದ ಉಳಿಸಿದುವು. 1951ರಲ್ಲಿ ಮೆಟ್ನರನು ತೀರಿಕೊಂಡನು; ಇನ್ನು ಕೆಲವೇ ವರ್ಷ ತಡವಾಗಿದ್ದರೆ ಈ ನಾದವು ನಮಗೆ ದೊರೆಯುತ್ತಿರಲಿಲ್ಲ.

ನಮ್ಮ ಗಡಿನಾಡಿನ ಹಳ್ಳಿಗಳಲ್ಲಿ ಸೋಬಾನೆ, ಬೀಸುವ ಪದಗಳನ್ನು ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಅವರ ಕನ್ನಡವನ್ನು ಉಳಿಸಲು ಇಂದು ಅರಸರ ಬೊಕ್ಕಸ ಬೇಕಿಲ್ಲ. ಕೈಯಲ್ಲಿರುವ ಮೊಬೈಲು ಸಾಕು. ಬೇಕಾದುದು, ಹೊತ್ತು ಮೀರುವ ಮುನ್ನ ಅವರ ಬಳಿ ಹೋಗಿ ಕುಳಿತುಕೊಳ್ಳುವ ಶ್ರದ್ಧೆ.